ಓದು ಬಾರದ ಸರ್ಜನ್: ಕ್ಯಾಥರೀನ್ ಹ್ಯಾಮ್ಲಿನ್ ಅವರ ಒಂದು ನಿರ್ಧಾರ

ರೋಗಿಗೆ ಸುಮಾರು 16 ವರ್ಷ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದಿನಗಟ್ಟಲೆ ಹೆರಿಗೆ ಬೇನೆ ತಿಂದಳು, ಕೂಸು ಉಳಿಯಲಿಲ್ಲ. ಆಮೇಲೆ ಮೂತ್ರ ಸೋರತೊಡಗಿತು, ನಿಲ್ಲಲೇ ಇಲ್ಲ. ಹಾಗೇ ದೊಡ್ಡ ಊರಿನ ಆಸ್ಪತ್ರೆಗೆ ಬಂದಳು. ಆಪರೇಷನ್ ಆದ ಮೇಲೆ ಹಳ್ಳಿಗೆ ವಾಪಸ್ ಹೋಗದೆ ಅಲ್ಲೇ ವಾರ್ಡಿನಲ್ಲಿ ಹಾಸಿಗೆ ಸರಿಮಾಡುತ್ತಾ ಉಳಿದಳು. ಕೆಲವು ವರ್ಷ ಕಳೆಯುವಷ್ಟರಲ್ಲಿ ಅದೇ ಆಪರೇಷನ್ನನ್ನು ಬೇರೆ ಹೆಂಗಸರಿಗೆ ತಾನೇ ಮಾಡುವಂತಾದಳು.

ಆಕೆಯ ಹೆಸರು ಮಾಮಿಟು ಗಾಶೆ. ಕಲಿಸಿದವರು ಡಾ. ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಅವರ ಗಂಡ ಡಾ. ರೆಜಿನಾಲ್ಡ್ ಹ್ಯಾಮ್ಲಿನ್. ಊರು ಇಥಿಯೋಪಿಯಾದ ಅಡಿಸ್ ಅಬಾಬ. ಕಾಲ 1960ರ ದಶಕ.

ರಾಯಚೂರಿನಲ್ಲಿ ಕೊನೆಯ ವರ್ಷದ ನರ್ಸಿಂಗ್ ಹುಡುಗಿಯರಿಗೆ ನಾನು ಈ ಪ್ರಕರಣವನ್ನು ಓದಿಸುತ್ತೇನೆ. ಹೀಗೆ ಹೆರಿಗೆಯಲ್ಲಿ ಗಾಯವಾಗಿ ಮೂತ್ರ ಸೋರುವ ತೂತಿಗೆ ಫಿಸ್ಟುಲಾ ಅನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಅದು ಅಂದರೆ ಒಂದು ವ್ಯಾಖ್ಯೆ, ಒಂದು ಚಿತ್ರ, ನಾಲ್ಕು ಕಾರಣ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹ್ಯಾಮ್ಲಿನ್ ಅವರ ಬದುಕನ್ನು 'ಮಹಾತಾಯಿ' ಕಥೆ ಮಾಡಿ ಹೇಳುವುದೂ ನನಗೆ ಇಷ್ಟವಿಲ್ಲ. ಅವರು ತೆಗೆದುಕೊಂಡ ಒಂದು ನಿರ್ಧಾರವನ್ನು ಬಿಡಿಸಿ ನೋಡಿದರೆ ಆ ಬದುಕು ಹೆಚ್ಚು ಅರ್ಥವಾಗುತ್ತದೆ. ಡಿಗ್ರಿ ಬಿಡಿ, ಅಕ್ಷರವೂ ಬಾರದ ರೋಗಿಯ ಕೈಗೆ ಸರ್ಜರಿ ಕೊಟ್ಟದ್ದು ಸರಿಯಾ? ತರಗತಿಯಲ್ಲಿ ಚರ್ಚೆ ನಡೆಯುವುದು ಇದರ ಮೇಲೇ.

ಮೂರು ವರ್ಷಕ್ಕೆಂದು ಬಂದವರು

ಕ್ಯಾಥರೀನ್ ಹುಟ್ಟಿದ್ದು 1924ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲೇ ವೈದ್ಯಕೀಯ ಓದಿ 1946ರಲ್ಲಿ ಡಾಕ್ಟರ್ ಆದರು. ಹೆರಿಗೆ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವಾಗ ಅಲ್ಲಿನ ಹಿರಿಯ ವೈದ್ಯ, ನ್ಯೂಜಿಲೆಂಡಿನ ರೆಜಿನಾಲ್ಡ್ ಪರಿಚಯವಾದರು. 1950ರಲ್ಲಿ ಮದುವೆ. ಆಮೇಲೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಒಂದು ಜಾಹೀರಾತು ಕಂಡಿತು. ಅಡಿಸ್ ಅಬಾಬದ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡುವ ಶಾಲೆ ಶುರುಮಾಡಲು ಹೆರಿಗೆ ತಜ್ಞರು ಬೇಕಾಗಿದ್ದರು. 1959ರಲ್ಲಿ ಗಂಡ ಹೆಂಡತಿ, ಪುಟ್ಟ ಮಗ, ಮೂವರೂ ಹೊರಟರು. ಒಪ್ಪಂದ ಮೂರು ವರ್ಷದ್ದು.

ಕರೆಸಿಕೊಂಡದ್ದು ಸೂಲಗಿತ್ತಿಯರಿಗೆ ಕಲಿಸಲು ಅನ್ನುವುದನ್ನು ನೆನಪಿಡಿ. ಸರ್ಜರಿಗಲ್ಲ.

ಹೋದಮೇಲೆ ಕಂಡದ್ದೇ ಬೇರೆ. ಬೆಟ್ಟದ ಹಳ್ಳಿಗಳಿಂದ ದಿನಗಟ್ಟಲೆ ನಡೆದು ಹೆಂಗಸರು ಬರುತ್ತಿದ್ದರು. ಬಟ್ಟೆಯೆಲ್ಲ ಒದ್ದೆ. ವಾಸನೆ ಅಂತ ಬಸ್ಸಿನಲ್ಲಿ ಸೇರಿಸುತ್ತಿರಲಿಲ್ಲ. ಗಂಡ ಬಿಟ್ಟಿರುತ್ತಿದ್ದ, ಮನೆಯವರು ಹೊರಗಿನ ಗುಡಿಸಲಲ್ಲಿ ಇಟ್ಟಿರುತ್ತಿದ್ದರು. ಹ್ಯಾಮ್ಲಿನ್ ದಂಪತಿ ಅಲ್ಲಿಯವರೆಗೆ ಹೆರಿಗೆಯಿಂದಾದ ಫಿಸ್ಟುಲಾವನ್ನು ಕಣ್ಣಾರೆ ಕಂಡೇ ಇರಲಿಲ್ಲ. ಆಸ್ಟ್ರೇಲಿಯಾದಲ್ಲಿ ಅದು ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹಾಗಾಗಿ ಅವರೂ ಪುಸ್ತಕ ತೆರೆದರು. ಈಜಿಪ್ಟಿನ ಕೈರೋದಲ್ಲಿ ನಗೀಬ್ ಮಹ್ಫೂಜ್ ಅನ್ನುವ ಹೆರಿಗೆ ತಜ್ಞರು ಈ ಸರ್ಜರಿ ಬಗ್ಗೆ ಬರೆದಿಟ್ಟದ್ದನ್ನು ಓದಿ, ಅವರ ಚಿತ್ರ ನೋಡಿ ಕಲಿತರು. (ಕಷ್ಟದ ಹೆರಿಗೆಯೊಂದನ್ನು ಈ ಡಾಕ್ಟರು ಪಾರುಮಾಡಿದ್ದಕ್ಕೆ ಮನೆಯವರು ಆ ಕೂಸಿಗೆ ಅವರ ಹೆಸರನ್ನೇ ಇಟ್ಟರು. ಮುಂದೆ ನೊಬೆಲ್ ಪಡೆದ ಕಾದಂಬರಿಕಾರ ನಗೀಬ್ ಮಹ್ಫೂಜ್ ಅವನೇ.)

ಇವರು ಆಪರೇಷನ್ ಮಾಡುತ್ತಾರೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತು. ಬರುವವರು ಜಾಸ್ತಿಯಾದರು. ಉಳಿದ ರೋಗಿಗಳು ಪಕ್ಕದಲ್ಲಿ ಮಲಗಲು ಒಪ್ಪುತ್ತಿರಲಿಲ್ಲ. ಆಸ್ಪತ್ರೆಯ ಆವರಣದಲ್ಲೇ ಈ ಹೆಂಗಸರಿಗೊಂದು ಸಣ್ಣ ಬಿಡಾರ ಬೇಕಾಯಿತು. ಕೊನೆಗೆ 1974ರಲ್ಲಿ ಫಿಸ್ಟುಲಾಕ್ಕೆಂದೇ ಬೇರೆ ಆಸ್ಪತ್ರೆ ಕಟ್ಟಿದರು. ಅದೇ ವರ್ಷ ಚಕ್ರವರ್ತಿ ಹೈಲೆ ಸೆಲಾಸಿಯವರನ್ನು ಇಳಿಸಿ ಸೈನ್ಯ ಅಧಿಕಾರ ಹಿಡಿಯಿತು. ವಿದೇಶಿಯರು ತುಂಬ ಜನ ದೇಶ ಬಿಟ್ಟರು. ಇವರು ಬಿಡಲಿಲ್ಲ. ಚಿಕಿತ್ಸೆ ಉಚಿತವಾಗಿಯೇ ನಡೆಯಿತು. ಗುಣವಾಗಿ ಹೋಗುವಾಗ ಹೊಸ ಬಟ್ಟೆ, ಬಸ್ ಚಾರ್ಜು ಕೊಟ್ಟು ಕಳಿಸುತ್ತಿದ್ದರು.

ಗಾಯ ಹೇಗೆ ಆಗುತ್ತದೆ

ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮ ಕಡೆ ಈಗಲೂ 'ದೇವರ ಶಾಪ', 'ಮಾಡಿದ ಪಾಪ' ಅನ್ನುವವರಿದ್ದಾರೆ.

ಮಗುವಿನ ತಲೆ ದೊಡ್ಡದು ಅಥವಾ ಅಡ್ಡ ತಿರುಗಿದೆ, ತಾಯಿಯ ಸೊಂಟದ ಎಲುಬಿನ ದಾರಿ ಇಕ್ಕಟ್ಟು. ಬೇನೆ ಬರುತ್ತಲೇ ಇದೆ, ಮಗು ಕೆಳಗೆ ಇಳಿಯುತ್ತಿಲ್ಲ. ತಲೆಗೂ ಎಲುಬಿಗೂ ನಡುವೆ ಮೂತ್ರಕೋಶದ ಗೋಡೆ, ಯೋನಿಯ ಗೋಡೆ ಸಿಕ್ಕಿಕೊಳ್ಳುತ್ತವೆ. ಬೆರಳಿಗೆ ದಾರ ಬಿಗಿಯಾಗಿ ಸುತ್ತಿದರೆ ತುದಿ ಬಿಳಚಿಕೊಳ್ಳುತ್ತದಲ್ಲ, ಹಾಗೆ ಅಲ್ಲಿ ರಕ್ತ ಓಡಾಟ ನಿಲ್ಲುತ್ತದೆ. ಎರಡು ಮೂರು ದಿನ ಹೀಗೇ ಇದ್ದರೆ ಆ ಭಾಗ ಸಾಯುತ್ತದೆ. ಹೆರಿಗೆಯಾದ ಕೂಡಲೇ ತೂತು ಕಾಣಿಸದೇ ಇರಬಹುದು. ಸಾಮಾನ್ಯವಾಗಿ 3ರಿಂದ 10 ದಿನದ ಒಳಗೆ ಸತ್ತ ಭಾಗ ಕಳಚಿ ಬೀಳುತ್ತದೆ, ಆಗ ಸೋರಲು ಶುರು. ಕೆಲವರಿಗೆ ಹಿಂದಿನ ಗೋಡೆಯೂ ಹೋಗಿ ಮಲವೂ ಸೋರುತ್ತದೆ. ಇಂಥ ಹೆರಿಗೆಯಲ್ಲಿ ಮಗು ಉಳಿಯುವುದು ಅಪರೂಪ. ಕಾಲಿನ ನರಕ್ಕೆ ಪೆಟ್ಟಾಗಿ ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವವರೂ ಇರುತ್ತಾರೆ. ಸೋರುವುದು ಕಡಿಮೆಯಾಗಲಿ ಅಂತ ನೀರು ಕುಡಿಯುವುದನ್ನು ಬಿಟ್ಟು, ಮುದುಡಿ ಮಲಗಿ, ಮಂಡಿ ಬಿಡಿಸಲಾಗದಂತೆ ಆದವರೂ ಹ್ಯಾಮ್ಲಿನ್ ಅವರ ಆಸ್ಪತ್ರೆಗೆ ಬಂದಿದ್ದರು. ಅವರಿಗೆ ಮೊದಲು ಊಟ, ಮಸಾಜು, ವ್ಯಾಯಾಮ. ಕಾಲು ಚಾಚಲು ಬಂದ ಮೇಲಷ್ಟೇ ಆಪರೇಷನ್.

ಸಿಸೇರಿಯನ್ ಸಮಯಕ್ಕೆ ಸಿಕ್ಕರೆ ಈ ಗಾಯ ಆಗುವುದೇ ಇಲ್ಲ. ಅದಕ್ಕೇ ಶ್ರೀಮಂತ ದೇಶಗಳಲ್ಲಿ ಇದು ಕಾಣೆಯಾಯಿತು.

ಆಪರೇಷನ್ ಮಾಡುವುದು ಸಾಮಾನ್ಯವಾಗಿ ಕೆಳಗಿನಿಂದಲೇ, ಹೊಟ್ಟೆ ಕೊಯ್ಯದೆ. ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಗಾಯದ ಸುತ್ತ ಗಟ್ಟಿಯಾದ ಚರ್ಮವನ್ನು ಬಿಡಿಸಿ, ಮೂತ್ರಕೋಶವನ್ನು ಬೇರ್ಪಡಿಸಿ, ಎಳೆತವಿಲ್ಲದೆ ಹೊಲಿಯಬೇಕು. ಕೆಲಸ ನಡೆಯುವ ಜಾಗ ಇಕ್ಕಟ್ಟು, ಆಳ. ಹೊಲಿಗೆ ಚೆನ್ನಾಗಿ ಬಿದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಮೂತ್ರ ಹೊರಗೆ ಹರಿಸುವ ಪೈಪು, ಅದೇ ಕ್ಯಾಥೆಟರ್, ಹಾಕಿಟ್ಟಿರಬೇಕು, ಅದು ಒಂದು ಗಳಿಗೆಯೂ ಕಟ್ಟಿಕೊಳ್ಳಬಾರದು. ಕಟ್ಟಿಕೊಂಡರೆ ಮೂತ್ರಕೋಶ ಉಬ್ಬಿ ಹೊಲಿಗೆ ಬಿಚ್ಚುತ್ತದೆ. ರಾತ್ರಿ ಎರಡು ಗಂಟೆಗೆ ಆ ಪೈಪನ್ನು ನೋಡುವವರು ಯಾರು? ಆ ಆಸ್ಪತ್ರೆಯಲ್ಲಿ ನೋಡುತ್ತಿದ್ದವರು ಹಳೆಯ ರೋಗಿಗಳೇ. ಗುಣವಾದ ಮೇಲೆ, ಇಲ್ಲವೇ ಪೂರ್ತಿ ಗುಣವಾಗದೆ ಅಲ್ಲೇ ಉಳಿದವರನ್ನು ಸಹಾಯಕಿಯರಾಗಿ ಸೇರಿಸಿಕೊಂಡಿದ್ದರು. ಯಾವ ಪೈಪು ಹರಿಯುತ್ತಿಲ್ಲ ಅನ್ನುವುದು ಅವರಿಗೆ ಬೇಗ ಗೊತ್ತಾಗುತ್ತಿತ್ತು, ಹೊಸದಾಗಿ ಬಂದವಳ ಪಕ್ಕ ಮೂಗು ಮುಚ್ಚಿಕೊಳ್ಳದೆ ಕೂರುವುದಕ್ಕೂ ಬರುತ್ತಿತ್ತು.

ನಿರ್ಧಾರ

ಮಾಮಿಟು ಅವರ ಗಾಯ ಒಂದೇ ಸಲಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಹಾಗಾಗಿ ಆಸ್ಪತ್ರೆಯಲ್ಲೇ ಉಳಿದರು. ಮೊದಲು ಹಾಸಿಗೆ, ಬಟ್ಟೆ. ಆಮೇಲೆ ಥಿಯೇಟರಿನಲ್ಲಿ ಸಾಮಾನು ಎತ್ತಿಕೊಡುವುದು, ದಾರ ಕತ್ತರಿಸುವುದು. ದಿನಾ ನೋಡುತ್ತಾ ನೋಡುತ್ತಾ ಮುಂದಿನ ಹೆಜ್ಜೆ ಯಾವುದೆಂದು ಕೇಳುವ ಮೊದಲೇ ಕೈ ನೀಡುವಂತಾದರು. ಹ್ಯಾಮ್ಲಿನ್ ದಂಪತಿ ಇದನ್ನು ಗಮನಿಸಿದರು. ಒಂದೊಂದೇ ಹೆಜ್ಜೆ ಬಿಟ್ಟುಕೊಟ್ಟರು. ಕೊನೆಗೆ ಪೂರ್ತಿ ಆಪರೇಷನ್.

ಮುಂದೆ ವಿದೇಶದಿಂದ ಕಲಿಯಲು ಬಂದ ಡಿಗ್ರಿವಂತ ಸರ್ಜನ್‌ಗಳಿಗೂ ಮಾಮಿಟು ಕಲಿಸಿದರು. 1989ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್, ಹ್ಯಾಮ್ಲಿನ್ ದಂಪತಿಯ ಜೊತೆ ಅವರಿಗೂ ಚಿನ್ನದ ಪದಕ ಕೊಟ್ಟಿತು. ಓದು ಬರಹವನ್ನು ಅವರು ತಡವಾಗಿ, ರಾತ್ರಿ ಶಾಲೆಗೆ ಹೋಗಿ ಕಲಿತರು.

ಸಂದರ್ಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಥಿಯೋಪಿಯಾದಲ್ಲಿ ಡಾಕ್ಟರರನ್ನು ತಯಾರುಮಾಡುವ ಮೊದಲ ಕಾಲೇಜು ಬಂದದ್ದೇ 1960ರ ದಶಕದಲ್ಲಿ. ನಮ್ಮ ಬಳ್ಳಾರಿಯ ಮೆಡಿಕಲ್ ಕಾಲೇಜು ಶುರುವಾದದ್ದೂ 1961ರಲ್ಲಿ. ಆಗ ಅವರ ರಾಜಧಾನಿ, ನಮ್ಮ ಗಡಿ ಜಿಲ್ಲೆ, ಎರಡೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲ ಮೇಲಿದ್ದವು ಅಂದರೆ ಹುಡುಗಿಯರು ನಂಬುವುದಿಲ್ಲ. ಡಾಕ್ಟರುಗಳು ಬರಲಿ ಅಂತ ಕಾಯುತ್ತಾ ಕೂತಿದ್ದರೆ ಗೇಟಿನ ಹೊರಗೆ ಮಲಗಿದ್ದ ಹೆಂಗಸರು ಅಲ್ಲೇ ಇರುತ್ತಿದ್ದರು.

ಆರ್‌ಎಂಪಿ ಪ್ರಶ್ನೆ

ಇಲ್ಲಿಗೆ ಬಂದಾಗ ಸಿಂಧನೂರು ಕಡೆಯ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ನಮ್ಮೂರಾಗಿನ ಆರ್‌ಎಂಪಿನೂ ಹಿಂಗ ನೋಡ್ಕೋತ ನೋಡ್ಕೋತ ಕಲ್ತಾನಲ್ರಿ? ಅವನ ಮ್ಯಾಲೆ ಯಾಕ ರೇಡ್ ಮಾಡ್ತಾರ, ಈಕಿಗ್ಯಾಕ ಮೆಡಲ್?"

ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಕಾಂಪೌಂಡರ್ ಆಗಿ ಶುರುಮಾಡಿ, ಬೋರ್ಡು ಹಾಕಿಕೊಂಡು, ಬಂದವರಿಗೆಲ್ಲ ಸಲೈನ್ ಏರಿಸುವ ಇಂಥ ಆರ್‌ಎಂಪಿಗಳನ್ನು ಎಲ್ಲರೂ ಕಂಡಿದ್ದೇವೆ. ಅವರೂ ಹೇಳುವುದು ಇದನ್ನೇ: ಡಾಕ್ಟರು ಇಲ್ಲ, ನಾನಿದ್ದೇನೆ.

ಚರ್ಚೆಯಲ್ಲಿ ಹುಡುಗಿಯರೇ ಉತ್ತರ ಹುಡುಕಿಕೊಂಡರು. ಮಾಮಿಟು ಮಾಡಿದ್ದು ಒಂದೇ ಬಗೆಯ ಆಪರೇಷನ್. ಜ್ವರಕ್ಕೆ, ಹೊಟ್ಟೆನೋವಿಗೆ, ಕೀಲುನೋವಿಗೆಲ್ಲ ಕೈಹಾಕಲಿಲ್ಲ. ಮಾಡಿದ್ದು ಕಲಿಸಿದವರ ಕಣ್ಣೆದುರಿಗೆ, ಅದೇ ಆಸ್ಪತ್ರೆಯೊಳಗೆ. ಕೆಟ್ಟರೆ ನೋಡಿಕೊಳ್ಳಲು ಹಿರಿಯರು ಪಕ್ಕದಲ್ಲೇ ಇದ್ದರು. ರೋಗಿಯಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಬೇಡದ ಆಪರೇಷನ್ ಮಾಡುವ ಆಸೆಗೆ ಜಾಗವಿರಲಿಲ್ಲ. ನನಗೆ ಈ ಕೊನೆಯದೇ ಮುಖ್ಯ ಅನ್ನಿಸುತ್ತದೆ. ಹಳ್ಳಿಯ ನಕಲಿ ಡಾಕ್ಟರನ ತೊಂದರೆ ಡಿಗ್ರಿ ಇಲ್ಲದಿರುವುದು ಮಾತ್ರ ಅಲ್ಲ. ಅವನ ತಪ್ಪನ್ನು ಹಿಡಿಯುವವರು ಯಾರೂ ಇಲ್ಲದಿರುವುದು, ಅವನ ಹೊಟ್ಟೆಪಾಡು ಬಾಟಲಿ ಏರಿಸುವುದರ ಮೇಲೇ ನಿಂತಿರುವುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಸಿಡ್ನಿಯ ಹೆಂಗಸಿಗೆ ಡಿಗ್ರಿ ಇಲ್ಲದವರ ಕೈಲಿ ಆಪರೇಷನ್ ಮಾಡಿಸುತ್ತಿದ್ದರಾ? ಇಲ್ಲ. ಹಾಗಾದರೆ ಬಡ ದೇಶದ ಬಡ ಹೆಂಗಸಿಗೆ ಇಷ್ಟೇ ಸಾಕು ಅಂದಂತಾಯಿತಲ್ವಾ?

ಈ ಆಕ್ಷೇಪವನ್ನು ಸುಮ್ನೆ ತಳ್ಳಿಹಾಕಲಾಗದು. ಯಾಕಂದರೆ ಫಿಸ್ಟುಲಾ ಸರ್ಜರಿ ಹುಟ್ಟಿದ್ದೇ ಕೆಟ್ಟ ರೀತಿಯಲ್ಲಿ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಮೇರಿಯನ್ ಸಿಮ್ಸ್ ಅನ್ನುವ ಡಾಕ್ಟರು ಇದನ್ನು ಕಲಿತದ್ದು ಗುಲಾಮ ಹೆಂಗಸರ ಮೇಲೆ ಪ್ರಯೋಗ ಮಾಡಿ. ಅನಾರ್ಕಾ, ಲೂಸಿ, ಬೆಟ್ಸಿ ಅನ್ನುವ ಮೂವರ ಹೆಸರು ದಾಖಲಾಗಿದೆ. ಅರಿವಳಿಕೆ ಕೊಡಲಿಲ್ಲ. ಅನಾರ್ಕಾ ಒಬ್ಬಳಿಗೇ ಸುಮಾರು 30 ಸಲ. 'ಬೇಡ' ಅನ್ನುವ ಹಕ್ಕು ಅವರಿಗೆ ಇರಲಿಲ್ಲ. ಅವರಲ್ಲಿ ಕೆಲವರು ಥಿಯೇಟರಿನಲ್ಲಿ ಸಿಮ್ಸ್‌ಗೆ ಸಹಾಯಕಿಯರಾಗಿಯೂ ನಿಂತಿದ್ದರು. ಮೇಲ್ನೋಟಕ್ಕೆ ಮಾಮಿಟು ಕಥೆಯಂತೆಯೇ ಕಾಣುತ್ತದೆ. ಆದರೆ ಸಿಮ್ಸ್‌ಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತಿತು (2018ರಲ್ಲಿ ತೆಗೆದರು), ಈ ಮೂವರನ್ನು ಬಹುಕಾಲ ಯಾರೂ ಕೇಳಲಿಲ್ಲ. ಅಡಿಸ್ ಅಬಾಬದ ರೋಗಿಗೆ ಗುರುವಿನ ಜೊತೆಗೇ ಪದಕ ಸಿಕ್ಕಿತು. ಇದೇ ಕಾರಣಕ್ಕೆ ನಾನು ಹ್ಯಾಮ್ಲಿನ್ ಅವರ ಪರವಾಗಿ ನಿಲ್ಲುತ್ತೇನೆ. ಇವತ್ತು ಕರ್ನಾಟಕದಲ್ಲಿ ಯಾರಾದರೂ ಹೀಗೆ ಮಾಡಿದರೆ ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಇಲ್ಲಿ ಈಗ ಡಾಕ್ಟರುಗಳಿದ್ದಾರೆ.

48 ವರ್ಷ ತಡವಾದ ಶಾಲೆ

ಹ್ಯಾಮ್ಲಿನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆಪರೇಷನ್ ಲೆಕ್ಕ ಹೇಳುತ್ತಾರೆ. ಅವರ ಆಸ್ಪತ್ರೆಗಳಲ್ಲಿ 60,000ಕ್ಕೂ ಹೆಚ್ಚು ಹೆಂಗಸರಿಗೆ ಚಿಕಿತ್ಸೆ ಆಗಿದೆ. ದೊಡ್ಡ ಸಂಖ್ಯೆಯೇ. ನನ್ನ ಕಣ್ಣು ಹೋಗುವುದು ಮಾತ್ರ ಬೇರೆ ಕಡೆಗೆ.

1959ರಲ್ಲಿ ಅವರು ಬಂದ ಕೆಲಸ, ಅಂದರೆ ಸೂಲಗಿತ್ತಿಯರ ಶಾಲೆ, ಕೆಲವೇ ಜನ ಕಲಿತು ಹೊರಬರುವಷ್ಟರಲ್ಲಿ ನಿಂತುಹೋಯಿತು. ಸರ್ಜರಿ ಇಡೀ ಬದುಕನ್ನು ನುಂಗಿತು. ರೆಜಿನಾಲ್ಡ್ 1993ರಲ್ಲಿ ತೀರಿಕೊಂಡರು. ಕ್ಯಾಥರೀನ್ ಮತ್ತೆ ಸೂಲಗಿತ್ತಿಯರ ಕಾಲೇಜು ತೆರೆದದ್ದು 2007ರಲ್ಲಿ, 83ನೇ ವಯಸ್ಸಿನಲ್ಲಿ. ನಡುವೆ 48 ವರ್ಷ. ಅಷ್ಟರಲ್ಲಿ ರಾಜಧಾನಿ ಬಿಟ್ಟು ಬೇರೆ ಕಡೆ ಆಸ್ಪತ್ರೆ ತೆರೆಯುವುದೂ ಶುರುವಾಗಿತ್ತು. ಮೊದಲನೆಯದು ಬಹಿರ್ ದಾರ್‌ನಲ್ಲಿ, ಆಮೇಲೆ ಇನ್ನೂ ನಾಲ್ಕು. ಪೂರ್ತಿ ಗುಣವಾಗದವರು ದುಡಿದು ಬದುಕಲೆಂದು ಊರಾಚೆ ಒಂದು ಹಳ್ಳಿಯನ್ನೂ ಕಟ್ಟಿಸಿದರು.

ಕಾಲೇಜಿನ ಕಟ್ಟುಪಾಡು ನೋಡಿ. ಹುಡುಗಿಯರನ್ನು ಆರಿಸುವುದು ಹಳ್ಳಿಗಾಡಿನ ಹೈಸ್ಕೂಲುಗಳಿಂದ. ನಾಲ್ಕು ವರ್ಷದ ಡಿಗ್ರಿ. ಓದು ಮುಗಿದ ಮೇಲೆ ತಮ್ಮದೇ ಸೀಮೆಗೆ ವಾಪಸ್ ಹೋಗಿ ಕೆಲಸ ಮಾಡಬೇಕು. ಗುಡ್ಡದ ದಾರಿ, ಅಲ್ಲಿನ ಮಾತು, ಅತ್ತೆಯರ ಹಟ, ಎಲ್ಲ ಗೊತ್ತಿರುವವರು. ಗಾಯ ಹೊಲಿಯುವವರಿಗಿಂತ ಗಾಯವಾಗದಂತೆ ನೋಡಿಕೊಳ್ಳುವವರು ಮುಖ್ಯ ಅಂತ ಅವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು, ಬಂದದ್ದೇ ಅದಕ್ಕೆ. ಎದುರಿಗೆ ಅಳುತ್ತಾ ಕೂತವಳನ್ನು ಬಿಟ್ಟು, ಇನ್ನೂ ಬಸುರಿಯೇ ಆಗದವಳ ಬಗ್ಗೆ ಯೋಚಿಸುವುದು ಯಾವ ಡಾಕ್ಟರಿಗೂ ಸುಲಭವಲ್ಲ. ದಾನಿಗಳಿಗೂ ಅಷ್ಟೇ. ಗುಣವಾಗಿ ನಗುವ ಮುಖದ ಫೋಟೋಗೆ ದುಡ್ಡು ಬರುತ್ತದೆ. ಆಗದೇ ಹೋದ ಗಾಯದ ಫೋಟೋ ತೆಗೆಯಲು ಬರುವುದಿಲ್ಲವಲ್ಲ.

ಕ್ಯಾಥರೀನ್ ಅವರಿಗೆ 2009ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, ಇಥಿಯೋಪಿಯಾ ಗೌರವ ಪೌರತ್ವ ಕೊಟ್ಟಿತು. 90 ದಾಟಿದ ಮೇಲೂ ಥಿಯೇಟರಿಗೆ ಹೋಗುತ್ತಿದ್ದರು. 2020ರ ಮಾರ್ಚ್ 18ರಂದು, 96ನೇ ವಯಸ್ಸಿನಲ್ಲಿ, ಅಡಿಸ್ ಅಬಾಬದ ತಮ್ಮ ಮನೆಯಲ್ಲೇ ತೀರಿಕೊಂಡರು.

ನಮ್ಮ ಕಡೆ

"ಈಗ ಎಲ್ಲಾರೂ ದವಾಖಾನ್ಯಾಗೇ ಹಡಿತಾರಲ್ರಿ ಮೇಡಂ, ನಮಗ್ಯಾಕ ಇದು?" ಅನ್ನುವುದು ಪ್ರತಿ ವರ್ಷದ ಪ್ರಶ್ನೆ.

ಹೌದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆಶಾ, ತಾಯಿ ಕಾರ್ಡ್, 108 ಆಂಬುಲೆನ್ಸ್, ರಾಯಚೂರಿಗೆ 2007ರಲ್ಲಿ ಬಂದ ಮೆಡಿಕಲ್ ಕಾಲೇಜು ರಿಮ್ಸ್, ಇವೆಲ್ಲ ಸೇರಿ ಆದ ಕೆಲಸ ಅದು. ಆದರೆ ಅದೇ ಸಮೀಕ್ಷೆಯಲ್ಲಿ, 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇದು ಇಡೀ ರಾಜ್ಯದ ಲೆಕ್ಕ. ಹೆರಿಗೆ ಆಸ್ಪತ್ರೆಯಲ್ಲಾದರೂ ಆಸ್ಪತ್ರೆ ಮುಟ್ಟಿದ್ದು ಯಾವಾಗ ಅನ್ನುವುದು ಬೇರೆ ಪ್ರಶ್ನೆ. ದೇವದುರ್ಗದಿಂದ ರಾಯಚೂರಿಗೆ 50 ಕಿಲೋಮೀಟರಿಗೂ ಹೆಚ್ಚು. ಮನೆಯಲ್ಲಿ 'ಇನ್ನಷ್ಟು ನೋಡೋಣ' ಅನ್ನುವ ತಡ, ದಾರಿಯ ತಡ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಚೀಟಿ ಬರೆದು ಕಳಿಸುವ ತಡ. ಗುಳೆ ಹೋದವಳದ್ದು ಇನ್ನೂ ಕಷ್ಟ. ತಾಯಿ ಕಾರ್ಡ್ ಊರಲ್ಲಿ, ಬೇನೆ ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ.

ಜೊತೆಗೆ ಭಾರತದಲ್ಲಿ ಫಿಸ್ಟುಲಾದ ಕಾರಣವೂ ಬದಲಾಗುತ್ತಿದೆ. ಸಿಸೇರಿಯನ್ ಮಾಡುವಾಗ, ಗರ್ಭಕೋಶ ತೆಗೆಯುವಾಗ ಮೂತ್ರಕೋಶಕ್ಕೋ ಮೂತ್ರನಾಳಕ್ಕೋ ಪೆಟ್ಟಾಗಿ ಸೋರುವ ಪ್ರಕರಣಗಳ ಪಾಲು ಜಾಸ್ತಿಯಾಗಿದೆ. ಬಿಳಿಮುಟ್ಟಿಗೆ, ಸೊಂಟನೋವಿಗೆ 'ಗರ್ಭಕೋಶ ತೆಗೆಸಿಬಿಡು' ಅನ್ನುವುದು ನಮ್ಮ ಭಾಗದಲ್ಲಿ ಎಷ್ಟು ಸಲೀಸಾಗಿದೆ ಅಂತ ಹೊಲದ ಕೂಲಿ ಹೆಂಗಸರನ್ನು ಕೇಳಿ. ಇದಕ್ಕೆ ಸರ್ಜನ್ ಬೇಕು, ನಿಜ. ಅದಕ್ಕಿಂತ ಮೊದಲು 'ಈ ಆಪರೇಷನ್ ಬೇಕಾ?' ಅಂತ ಕೇಳುವವರು ಬೇಕು.

ಹುಡುಗಿಯರಿಗೆ ಹೇಳುವುದು ಮೂರು ಕೆಲಸ. ಒಂದು, ಬೇನೆ ಎಷ್ಟು ಮುಂದುವರಿದಿದೆ ಅನ್ನುವ ಚಾರ್ಟು, ಅದೇ ಪಾರ್ಟೋಗ್ರಾಫ್, ಅದನ್ನು ಹೆರಿಗೆ ನಡೆಯುತ್ತಿರುವಾಗಲೇ ತುಂಬಬೇಕು. ಎಲ್ಲ ಮುಗಿದ ಮೇಲೆ ಚಹಾ ಕುಡಿಯುತ್ತಾ ಅಂದಾಜಿನಲ್ಲಿ ಗೆರೆ ಎಳೆದರೆ ಅದು ಫೈಲಿಗೆ ಮಾತ್ರ ಉಪಯೋಗ. ಗೆರೆ ದಾಟಿದ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಲಿ ಅಂತಲೇ ಆ ಚಾರ್ಟು ಇರುವುದು.

ಇನ್ನೊಂದು, ಬಾಣಂತಿ ಭೇಟಿ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ 3, 7, 14ನೇ ದಿನ, ಆಮೇಲೆ 42ನೇ ದಿನದವರೆಗೂ ಹೋಗಬೇಕು. ಸತ್ತ ಭಾಗ ಕಳಚುವುದೂ ಇದೇ ದಿನಗಳಲ್ಲಿ. "ಆರಾಮಿದ್ದೀಯೇನವ್ವ?" ಅಂದರೆ ಬಾಣಂತಿ ಅತ್ತೆಯ ಮುಖ ನೋಡಿ "ಹ್ಞೂ" ಅನ್ನುತ್ತಾಳೆ. ಅತ್ತೆಯನ್ನು ನೀರು ತರಲು ಕಳಿಸಿ, "ಸೀರಿ ಹಸಿ ಆಗ್ತದೇನು? ನಿದ್ದಿಯಾಗೂ ಆಗ್ತದೇನು? ನಿನಗ ಗೊತ್ತಾಗದಂಗ ಆಗ್ತದೇನು?" ಅಂತ ಬಿಡಿಸಿ ಕೇಳಬೇಕು.

ಮೂರನೆಯದು, ಹೌದು ಅಂದರೆ ಅದೇ ದಿನ ಕಳಿಸುವುದು. ಆಪರೇಷನ್ನಿಗೆ ಸಾಮಾನ್ಯವಾಗಿ ಗಾಯ ಮಾಗಲು ಮೂರು ತಿಂಗಳು ಕಾಯುತ್ತಾರೆ, ಹಾಗಂತ ಮನೆಯಲ್ಲಿ ಕೂರಿಸಬಾರದು. ಬೇಗ ಗೊತ್ತಾಗಿ 4ರಿಂದ 6 ವಾರ ಕ್ಯಾಥೆಟರ್ ಇಟ್ಟರೆ ಸಣ್ಣ ತೂತುಗಳಲ್ಲಿ ಕೆಲವು ಹೊಲಿಗೆ ಇಲ್ಲದೆ ತಾವೇ ಮುಚ್ಚಿಕೊಳ್ಳುತ್ತವೆ. ಎಲ್ಲಿಂದ ಸೋರುತ್ತಿದೆ ಅಂತ ನೋಡಲು ನೀಲಿ ಬಣ್ಣದ ನೀರನ್ನು ಮೂತ್ರಕೋಶಕ್ಕೆ ಬಿಟ್ಟು, ಹತ್ತಿಯಿಟ್ಟು ಮಾಡುವ ಪರೀಕ್ಷೆ ಇದೆ. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಆಪರೇಷನ್ ಆದಮೇಲೆ ಹಿಂದೆಲ್ಲ ಎರಡು ವಾರ ಕ್ಯಾಥೆಟರ್ ಇಡುತ್ತಿದ್ದರು. ಸರಳ ಗಾಯಕ್ಕೆ 7ರಿಂದ 10 ದಿನ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಬಾಣಂತಿ ಕೂಲಿಗೆ ಹೋಗುವ ಮನೆಯವಳಾದರೆ ಈ ನಾಲ್ಕೈದು ದಿನದ ಉಳಿತಾಯಕ್ಕೂ ಬೆಲೆ ಇದೆ, ಅದನ್ನು ಮನೆಯವರಿಗೆ ಮೊದಲೇ ಹೇಳಿದರೆ ಅವಳನ್ನು ದವಾಖಾನೆಗೆ ಕಳಿಸಲು ಬೇಗ ಒಪ್ಪುತ್ತಾರೆ.